ಶ್ರೀಮಂತ ಸಂಗಾತಿ ಬೇಕು, ಸರಿ, ವಿಚಾರಿಸುವವರು ಯಾರು?

ದುಡ್ಡಿರುವವರ ಪರಿಚಯ ಮಾಡಿಕೊಡುವ ಡೇಟಿಂಗ್ ಆ್ಯಪ್‌ಗಳಲ್ಲಿ ಯಾವುದು ಒಳ್ಳೆಯದು ಎಂದು ಯಾರಾದರೂ ಬಾಯಿಬಿಟ್ಟು ಕೇಳಿದರೆ ಸುತ್ತ ಇದ್ದವರು ಮೊದಲು ನಗುತ್ತಾರೆ, ಆಮೇಲೆ ಬುದ್ಧಿ ಹೇಳುತ್ತಾರೆ. ಹಾಗೆ ಬುದ್ಧಿ ಹೇಳುವವರೇ ಮಗಳಿಗೆ ಗಂಡು ನೋಡುವಾಗ ಸಂಬಳ ಎಷ್ಟು, ಸ್ವಂತ ಮನೆಯೋ ಬಾಡಿಗೆಯೋ, ತಂಗಿಯರ ಜವಾಬ್ದಾರಿ ಇದೆಯೋ ಎಂದು ತಿಳಿಯದೆ ಜಾತಕ ಬಿಚ್ಚುವುದಿಲ್ಲ. ಹಿಂದೆ ಅದೇ ಪ್ರಶ್ನೆ ಎಷ್ಟು ಎಕರೆ ಗದ್ದೆ, ಎಷ್ಟು ಅಡಿಕೆ ತೋಟ ಎಂಬ ರೂಪದಲ್ಲಿತ್ತು. ಆಧುನಿಕ ಕನ್ನಡದ ಮೊದಲ ಸಾಮಾಜಿಕ ನಾಟಕ ಎಂದು ಹೆಸರಾದ, 1887ರ ‘ಇಗ್ಗಪ್ಪ ಹೆಗ್ಗಡೆಯ ವಿವಾಹ ಪ್ರಹಸನ’ದ ವಸ್ತುವೇ ದುಡ್ಡು ಮತ್ತು ಮದುವೆ. ಸೂರಿ ವೆಂಕಟರಮಣ ಶಾಸ್ತ್ರಿಗಳು ಅದಕ್ಕೆ ಕೊಟ್ಟ ಇನ್ನೊಂದು ಹೆಸರು ‘ಕನ್ಯಾವಿಕ್ರಯದ ಪರಿಣಾಮವು’. ಆಗ ಹಣ ಹೆಣ್ಣಿನ ತಂದೆಯ ಕಡೆಗೆ ಹರಿಯುತ್ತಿತ್ತು. ಮುಂದೆ ಅದು ಗಂಡಿನ ಕಡೆಗೆ ತಿರುಗಿ ವರದಕ್ಷಿಣೆಯಾಯಿತು. 1961ರಲ್ಲಿ ಅದನ್ನು ತಡೆಯಲು ಕಾನೂನು ಬಂದಮೇಲೂ ಹರಿವು ನಿಂತಿಲ್ಲ. ಇಷ್ಟೆಲ್ಲ ಇಟ್ಟುಕೊಂಡು, ಆ್ಯಪ್‌ನಲ್ಲಿ ಸಿರಿವಂತರನ್ನು ಹುಡುಕುವ ಹುಡುಗಿಯೊಬ್ಬಳನ್ನೇ ಆಡಿಕೊಳ್ಳುವುದು ಅನ್ಯಾಯ.

‘ತಾವು ದುಡಿಯದವರು ತಾನೇ ದುಡ್ಡಿನ ಹಿಂದೆ ಹೋಗುವುದು’ ಎಂಬ ಮಾತೂ ಪರೀಕ್ಷೆಗೆ ನಿಲ್ಲುವುದಿಲ್ಲ. ಡೇವಿಡ್ ಆಂಗ್ ಮತ್ತು ಜ್ಯೂ ವಾಂಗ್ ಎಂಬ ಅರ್ಥಶಾಸ್ತ್ರಜ್ಞರು ಚೀನಾದ ಡೇಟಿಂಗ್ ತಾಣವೊಂದರಲ್ಲಿ ಬೇರೆ ಬೇರೆ ಆದಾಯ ಬರೆದ ಪ್ರೊಫೈಲ್‌ಗಳನ್ನು ಹಾಕಿ ಯಾರು ಯಾವುದನ್ನು ತೆರೆದು ನೋಡುತ್ತಾರೆಂದು ಗಮನಿಸಿದರು. 2015ರಲ್ಲಿ ಪ್ರಕಟವಾದ ಆ ಅಧ್ಯಯನದಲ್ಲಿ ಗಂಡಸರು ಹೆಣ್ಣಿನ ಆದಾಯಕ್ಕೆ ಹೆಚ್ಚೇನೂ ಬೆಲೆ ಕೊಟ್ಟಿರಲಿಲ್ಲ. ಹೆಂಗಸರು ಹೆಚ್ಚು ಆದಾಯದ ಗಂಡಸರ ಪ್ರೊಫೈಲ್‌ಗಳನ್ನೇ ಹೆಚ್ಚು ನೋಡಿದ್ದರು. ಆದರೆ ಸ್ವಂತ ಸಂಪಾದನೆ ಹೆಚ್ಚಿದ್ದ ಹೆಂಗಸರಲ್ಲಿ ಈ ಒಲವು ಇನ್ನೂ ಜಾಸ್ತಿ ಇತ್ತು. ಇದು ಹೊಟ್ಟೆಪಾಡಿನ ಲೆಕ್ಕವಲ್ಲ. ತನ್ನಷ್ಟು ದುಡಿಯದ ಗಂಡ ಮುಂದೆ ತನ್ನ ಕೆಲಸವನ್ನೇ ಬಿಡಿಸಿಯಾನು ಎಂಬ ಅಳುಕಿರಬಹುದು, ಬದುಕಿನ ಮಟ್ಟ ಇಳಿಯಬಾರದೆಂಬ ಆಸೆ ಇರಬಹುದು. ಎರಡರಲ್ಲೂ ನಾಚಿಕೆಪಡುವಂಥದ್ದು ನನಗೆ ಕಾಣುವುದಿಲ್ಲ.

ಹಾಗಾಗಿ ಆ ಪ್ರಶ್ನೆಯ ಬಗ್ಗೆ ನನಗೆ ತಕರಾರಿಲ್ಲ. ಉತ್ತರ ಬರುವ ದಾರಿಯ ಬಗ್ಗೆ ಇದೆ. ಸಾವಿರ ಸುಳ್ಳು ಹೇಳಿ ಒಂದು ಮದುವೆ ಮಾಡು ಎಂದ ನಾಡು ನಮ್ಮದು. ದಲ್ಲಾಳಿಗಳು ಸುಳ್ಳು ಹೇಳುತ್ತಾರೆಂಬುದು ಎಲ್ಲರಿಗೂ ಗೊತ್ತಿತ್ತು. ಗೊತ್ತಿದ್ದುದರಿಂದಲೇ ಹೆಣ್ಣಿನ ಕಡೆಯ ಒಬ್ಬರು, ಹೆಚ್ಚಾಗಿ ಸೋದರಮಾವ, ಹೇಳದೆ ಕೇಳದೆ ಗಂಡಿನ ಊರಿಗೆ ಬಸ್ಸು ಹತ್ತುತ್ತಿದ್ದರು. ಬಸ್‌ಸ್ಟ್ಯಾಂಡಿನ ಹೋಟೆಲಿನಲ್ಲಿ ಕಾಫಿ ಕುಡಿಯುತ್ತ ಇಂಥವರ ಮನೆ ಯಾವುದು ಎಂದು ಕೇಳುವುದು, ಮೇಷ್ಟ್ರನ್ನು ಮಾತಾಡಿಸುವುದು, ಸೊಸೈಟಿಯ ಸೆಕ್ರೆಟರಿಯ ಬಾಯಿಂದ ಸಾಲದ ಸುದ್ದಿ ಹೊರಡಿಸುವುದು. ಸಂಜೆಯ ಬಸ್ಸಿಗೆ ವಾಪಸಾಗುವಷ್ಟರಲ್ಲಿ ತೋಟ ಯಾರ ಹೆಸರಿನಲ್ಲಿದೆ, ಹುಡುಗ ಸಂಜೆ ಎಲ್ಲಿ ಕೂರುತ್ತಾನೆ, ಎರಡೂ ತಿಳಿದಿರುತ್ತಿತ್ತು. ಆ ವಿಚಾರಣೆಯಲ್ಲಿ ಜಾತಿಯ ಲೆಕ್ಕವೂ ಇತ್ತು, ಹೆಣ್ಣಿನ ನಡತೆಯ ಬಗ್ಗೆ ಕೊಳಕು ಮಾತೂ ಇತ್ತು. ಅದೆಲ್ಲ ಮರಳಿ ಬರಲಿ ಎಂದು ನಾನು ಹೇಳುತ್ತಿಲ್ಲ. ಆದರೆ ಆ್ಯಪ್ ಬಂದಾಗ ಆದದ್ದಿಷ್ಟು: ಆಸ್ತಿಯ ಪ್ರಶ್ನೆ ಹಾಗೇ ಉಳಿಯಿತು, ಬಸ್ಸು ಹತ್ತುವವರು ಇಲ್ಲವಾದರು.

ಈಗ ಈ ಆ್ಯಪ್‌ಗಳ ಬಾಗಿಲಲ್ಲಿ ಏನು ನಡೆಯುತ್ತದೆ ನೋಡೋಣ. ಈ ವ್ಯಾಪಾರದ ತವರು ಅಮೆರಿಕ. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಸಂಶೋಧಕರ ಲೆಕ್ಕದಲ್ಲಿ, ಅಲ್ಲಿ 2017ರಲ್ಲಿ ಜೊತೆಯಾದ ಗಂಡು-ಹೆಣ್ಣಿನ ಜೋಡಿಗಳಲ್ಲಿ ಶೇ 39ರಷ್ಟು ಪರಿಚಯವಾದದ್ದು ಆನ್‌ಲೈನ್‌ನಲ್ಲಿ. ಇಷ್ಟು ದೊಡ್ಡ ಸಂತೆಯಲ್ಲಿ ‘ನಮ್ಮದು ಆಯ್ದವರ ಕೂಟ’ ಎನ್ನುವ ಅಂಗಡಿ ತೆರೆಯುವುದು ಸಹಜ. ‘ಮಿಲಿಯನೇರ್ ಮ್ಯಾಚ್’ 2001ರಿಂದಲೇ ಇದೆ. ‘ಸೀಕಿಂಗ್ ಅರೇಂಜ್‌ಮೆಂಟ್’ ಶುರುವಾದದ್ದು 2006ರಲ್ಲಿ. 2014ರಲ್ಲಿ ಬಂದ ‘ಲಕ್ಸಿ’ ತಾನು ಬಡವರನ್ನು ತೆಗೆದುಹಾಕಿದ ಟಿಂಡರ್ ಎಂದು ಸಾರಿಕೊಂಡು ಬೈಸಿಕೊಂಡಿತು, ಹೆಸರನ್ನೂ ಮಾಡಿತು. ಸ್ಯಾನ್‌ಫ್ರಾನ್ಸಿಸ್ಕೋದ ‘ದಿ ಲೀಗ್’ ಇವಕ್ಕಿಂತ ನಾಜೂಕಿನದು. ಅದು ಅರ್ಜಿದಾರರ ಲಿಂಕ್ಡ್‌ಇನ್ ಖಾತೆ ನೋಡುತ್ತದೆ, ಸಾವಿರಾರು ಜನರನ್ನು ಸರದಿಯಲ್ಲಿ ಕಾಯಿಸುತ್ತದೆ, ಒಳಗೆ ಬಿಟ್ಟವರಿಗೆ ದಿನಾ ಸಂಜೆ ಐದಕ್ಕೆ ಬೆರಳೆಣಿಕೆಯ ಪ್ರೊಫೈಲ್‌ಗಳನ್ನಷ್ಟೇ ತೋರಿಸುತ್ತದೆ. ಟಿಂಡರ್‌ನ ಒಡೆಯರಾದ ಮ್ಯಾಚ್ ಗ್ರೂಪ್‌ನವರು 2022ರಲ್ಲಿ ಅದನ್ನು ಕೊಂಡರು. ಅದರ ಅತಿ ದುಬಾರಿ ದರ್ಜೆಗೆ ಆಗ ವಾರಕ್ಕೆ ಸುಮಾರು ಸಾವಿರ ಡಾಲರ್ ಇತ್ತು. ‘ರಾಯಾ’ ಇನ್ನೊಂದು ಬಗೆ: ಒಳಗಿರುವವರ ಶಿಫಾರಸು ಬೇಕು, ಸಮಿತಿ ಒಪ್ಪಬೇಕು, ಒಳಗಿನದನ್ನು ಸ್ಕ್ರೀನ್‌ಶಾಟ್ ತೆಗೆದರೆ ಎಚ್ಚರಿಕೆ ಬರುತ್ತದೆ.

ಇಷ್ಟೂ ಬಾಗಿಲುಗಳು ಅಳೆಯುವುದೇನನ್ನು? ದಿ ಲೀಗ್ ಓದು ಮತ್ತು ಹುದ್ದೆಯನ್ನು ಅಳೆಯುತ್ತದೆ. ರಾಯಾ ಪರಿಚಯ ಮತ್ತು ಹೆಸರನ್ನು ಅಳೆಯುತ್ತದೆ. ಸಿರಿವಂತಿಕೆಯನ್ನೇ ಬೋರ್ಡಿನಲ್ಲಿ ಬರೆದುಕೊಂಡವುಗಳಲ್ಲಿ ಆದಾಯ ಎಂಬುದು ಬಳಕೆದಾರ ತಾನೇ ತುಂಬುವ ಕಾಲಂ. ದಾಖಲೆ ಕೊಟ್ಟು ಗುರುತು ಹಾಕಿಸಿಕೊಳ್ಳುವ ಅವಕಾಶ ಕೆಲವು ಕಡೆ ಇದ್ದರೂ ಅದು ಇಷ್ಟವಿದ್ದವರಿಗೆ. ನೀಲಿ ಟಿಕ್ ಇದ್ದರೆ ಧೈರ್ಯ ಬರುತ್ತದಲ್ಲವೇ? ಆ ಟಿಕ್‌ನ ಅರ್ಥ, ಫೋಟೋದಲ್ಲಿರುವ ಮುಖವೂ ಕ್ಯಾಮೆರಾ ಮುಂದೆ ತಲೆ ತಿರುಗಿಸಿದ ಮುಖವೂ ಒಂದೇ ಎಂಬುದು ಮಾತ್ರ. ಬ್ಯಾಂಕಿನ ಪಾಸ್‌ಬುಕ್ಕಿಗೂ ಅದಕ್ಕೂ ಸಂಬಂಧವಿಲ್ಲ. ಓಕೆಕ್ಯುಪಿಡ್ ತಾಣದವರು 2010ರಲ್ಲಿ ತಮ್ಮ ಬಳಕೆದಾರರು ಬರೆದ ಆದಾಯವನ್ನು ಜನಗಣತಿಯ ಅಂಕಿಗಳೊಂದಿಗೆ ಹೋಲಿಸಿ, ಜನ ತಮ್ಮ ಸಂಪಾದನೆಯನ್ನು ಸುಮಾರು ಶೇ 20ರಷ್ಟು ಏರಿಸಿ ಹೇಳುತ್ತಾರೆ ಎಂದು ತಾವೇ ಪ್ರಕಟಿಸಿದರು. ಅದು ಸಾಧಾರಣ ಜನರ ಸಾಧಾರಣ ಸುಳ್ಳು. ಸಿರಿವಂತಿಕೆಯೇ ಪ್ರವೇಶ ಚೀಟಿಯಾದ ಕಡೆ ಸುಳ್ಳಿನ ಲಾಭ ಇನ್ನೂ ಹೆಚ್ಚು.

ಅರ್ಥಶಾಸ್ತ್ರದಲ್ಲಿ ಇದು ಹಳೆಯ ಸಮಸ್ಯೆ. ಜಾರ್ಜ್ ಅಕರ್ಲಾಫ್ 1970ರಲ್ಲಿ ಹಳೇ ಕಾರುಗಳ ಮಾರುಕಟ್ಟೆಯನ್ನು ಉದಾಹರಣೆಯಾಗಿಟ್ಟುಕೊಂಡು ಬರೆದ ಪ್ರಬಂಧಕ್ಕೆ ಮುಂದೆ, 2001ರಲ್ಲಿ, ನೊಬೆಲ್ ಗೌರವ ಸಂದಿತು. ಮಾರುವವನಿಗೆ ಕಾರಿನ ಹುಳುಕು ಗೊತ್ತು, ಕೊಳ್ಳುವವನಿಗೆ ಗೊತ್ತಿಲ್ಲ. ಆಗ ಕೊಳ್ಳುವವನು ಎಲ್ಲ ಕಾರುಗಳಿಗೂ ಅನುಮಾನದ ಬೆಲೆಯನ್ನೇ ಕಟ್ಟುತ್ತಾನೆ. ಆ ಬೆಲೆಗೆ ಒಳ್ಳೆಯ ಕಾರಿನವನು ಮಾರಲು ಒಪ್ಪದೆ ಸಂತೆಯಿಂದ ಎದ್ದು ಹೋಗುತ್ತಾನೆ, ಹುಳುಕಿನವು ಉಳಿಯುತ್ತವೆ. ಸಿರಿವಂತರ ಆ್ಯಪ್‌ನಲ್ಲೂ ನಡೆಯುವುದು ಇದೇ. ನಿಜಕ್ಕೂ ಆಸ್ತಿ ಇರುವವನಿಗೆ ಅಲ್ಲಿ ತಾನು ಅಸಲಿ ಎಂದು ತೋರಿಸುವ ದಾರಿ ಕಡಿಮೆ. ತನ್ನನ್ನು ನೋಡುವವರೆಲ್ಲ ತನ್ನ ಆಸ್ತಿಯನ್ನೇ ನೋಡುತ್ತಿದ್ದಾರೆಂಬ ಅರಿವು ಬೇರೆ. ಅವನಿಗೆ ಓದಿದ ಕಾಲೇಜಿನ ಗೆಳೆಯರಿದ್ದಾರೆ, ಕ್ಲಬ್ಬಿದೆ, ಅಕ್ಕನ ನಾದಿನಿಯ ಕಡೆಯ ಮದುವೆಗಳಿವೆ. ಅವನು ಅಲ್ಲಿ ಹೆಚ್ಚು ದಿನ ನಿಲ್ಲುವುದಿಲ್ಲ. ನಿಲ್ಲುವವರು ಎರಡು ಬಗೆ: ಸಿರಿವಂತರನ್ನು ಹುಡುಕುವವರು ಮತ್ತು ಸಿರಿವಂತರಂತೆ ಕಾಣಬೇಕಾದವರು. ಇವರಿಬ್ಬರೇ ಪರಸ್ಪರ ಭೇಟಿಯಾಗುತ್ತ, ಕಂಪನಿಗೆ ತಿಂಗಳು ತಿಂಗಳು ಚಂದಾ ಕಟ್ಟುತ್ತಿರುತ್ತಾರೆ.

ಚಂದಾ ದುಬಾರಿಯಾದರೆ ಪೊಳ್ಳು ಜನ ತಾವಾಗಿಯೇ ಜಾರಿಕೊಳ್ಳುತ್ತಾರೆ ಎನ್ನುವ ವಾದವೊಂದಿದೆ. 2023ರಲ್ಲಿ ಟಿಂಡರ್ ತನ್ನ ಬಳಕೆದಾರರಲ್ಲಿ ಶೇ 1ಕ್ಕೂ ಕಡಿಮೆ ಮಂದಿಗೆ ತಿಂಗಳಿಗೆ 499 ಡಾಲರ್‌ನ ದರ್ಜೆಯೊಂದನ್ನು ಮುಂದಿಟ್ಟಾಗಲೂ ಇದೇ ಮಾತು ಕೇಳಿಬಂತು. ಹಗುರ ಕುತೂಹಲದವರನ್ನು ಆ ಬೆಲೆ ತಡೆದೀತು, ಒಪ್ಪುತ್ತೇನೆ. ವಂಚಕನನ್ನು ತಡೆಯುವುದಿಲ್ಲ, ಅವನಿಗೆ ಅದು ಬಂಡವಾಳ. ಇನ್ನು ಕಂಪನಿಗಳ ಹಿತಾಸಕ್ತಿ ಯಾವ ಕಡೆಗಿದೆ ಎಂಬುದಕ್ಕೆ ಒಂದು ಪ್ರಕರಣ ನೆನಪಿಸಬೇಕು. ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ 2019ರಲ್ಲಿ ಇದೇ ಮ್ಯಾಚ್ ಗ್ರೂಪ್‌ನ ಮೇಲೆ ಮೊಕದ್ದಮೆ ಹೂಡಿತು. ವಂಚಕರದ್ದಿರಬಹುದೆಂದು ಕಂಪನಿಯೇ ಗುರುತು ಹಾಕಿದ್ದ ಖಾತೆಗಳಿಂದ ಬಂದ ‘ಯಾರೋ ನಿಮ್ಮನ್ನು ಮೆಚ್ಚಿದ್ದಾರೆ’ ಎಂಬ ಸೂಚನೆಗಳನ್ನು ಚಂದಾ ಕಟ್ಟದವರಿಗೆ ಕಳಿಸಿ, ಅವರಿಂದ ಚಂದಾ ಕಟ್ಟಿಸಿಕೊಂಡಿತು ಎಂಬುದು ಆರೋಪಗಳಲ್ಲೊಂದು. 2025ರಲ್ಲಿ 1.4 ಕೋಟಿ ಡಾಲರ್ ಪಾವತಿಗೆ ಕಂಪನಿ ಒಪ್ಪಿ ವ್ಯಾಜ್ಯ ಮುಗಿಯಿತು. ಸಂಗಾತಿ ಸಿಕ್ಕ ದಿನ ಗಿರಾಕಿ ಹೋಗುತ್ತಾನೆ ಎಂಬ ಸತ್ಯದ ಮೇಲೆ ನಿಂತ ವ್ಯಾಪಾರವಿದು.

ನಮ್ಮ ಕಡೆಗೆ ಬಂದರೆ ಚಿತ್ರ ಸ್ವಲ್ಪ ಬೇರೆ. ಇಲ್ಲಿ ಡೇಟಿಂಗ್ ಆ್ಯಪ್‌ಗಿಂತ ಮ್ಯಾಟ್ರಿಮೋನಿಯ ಬಳಕೆ ಹಳೆಯದು, ಅದರಲ್ಲಿ ‘ವಾರ್ಷಿಕ ಆದಾಯ’ ಎನ್ನುವ ಪಟ್ಟಿ ಎಲ್ಲರಿಗೂ ಪರಿಚಿತ. ಸಿರಿವಂತ ಕುಟುಂಬಗಳಿಗೆಂದು ಭಾರತ್ ಮ್ಯಾಟ್ರಿಮೋನಿಯವರ ‘ಎಲೀಟ್ ಮ್ಯಾಟ್ರಿಮೋನಿ’ಯೂ ಇದೆ. ಅಲ್ಲಿ ರಿಲೇಶನ್‌ಶಿಪ್ ಮ್ಯಾನೇಜರ್ ಎಂಬ ಹೆಸರಿನಲ್ಲಿ ಹಳೆಯ ದಲ್ಲಾಳಿ ಟೈ ಕಟ್ಟಿಕೊಂಡು ವಾಪಸ್ ಬಂದಿದ್ದಾನೆ. ಬೆಂಗಳೂರಿನಲ್ಲಿ ಹುಟ್ಟಿದ ‘ಐಲ್’ ಡೇಟಿಂಗ್ ಮತ್ತು ಮ್ಯಾಟ್ರಿಮೋನಿಗಳ ನಡುವಿನ ಜಾಗ ಹಿಡಿದುಕೊಂಡಿದೆ. ಕನ್ನಡಿಗರಿಗಾಗಿ ‘ನೀನೇ’ ಎಂಬ ಆ್ಯಪನ್ನೂ ಅವರೇ ತಂದರು. ಇವುಗಳ ಹೆಸರು, ಬಣ್ಣ ಏನೇ ಇರಲಿ, ಎಲ್ಲದರ ತಳದಲ್ಲೂ ಒಂದು ತಪ್ಪು ಲೆಕ್ಕವಿದೆ: ಆದಾಯವೇ ಆಸ್ತಿ ಎಂಬುದು.

ವೈಟ್‌ಫೀಲ್ಡಿನಲ್ಲಿ ವರ್ಷಕ್ಕೆ 40 ಲಕ್ಷ ಎಂದು ತುಂಬುವ ಹುಡುಗನನ್ನೇ ತೆಗೆದುಕೊಳ್ಳಿ. ಅದರಲ್ಲಿ ದೊಡ್ಡ ಪಾಲು ಇನ್ನೂ ಕೈಸೇರದ ಕಂಪನಿ ಷೇರುಗಳ ಕಾಗದದ ಬೆಲೆ. ಉಳಿದದ್ದರಲ್ಲಿ ತೆರಿಗೆ, ಫ್ಲ್ಯಾಟಿನ ಇಎಂಐ, ಕಾರಿನ ಇಎಂಐ, ಊರಿನ ಮನೆಯ ಸಾಲ. ಕಂಪನಿ ಮನೆಗೆ ಕಳಿಸಿದರೆ ಮೂರು ತಿಂಗಳು ಉಸಿರು ಹಿಡಿಯುವುದೂ ಕಷ್ಟ. ಆ್ಯಪ್‌ನ ಕಣ್ಣಿಗೆ ಅವನು ಸಿರಿವಂತ. ಇತ್ತ 2023ರ ಫೆಬ್ರುವರಿಯಲ್ಲಿ ಮಂಡ್ಯದ ಕಡೆಯ ಅವಿವಾಹಿತ ಯುವ ರೈತರು ‘ಬ್ರಹ್ಮಚಾರಿಗಳ ಪಾದಯಾತ್ರೆ’ ಎಂದು ಹೊರಟು ಹೆಣ್ಣು ಸಿಗಲೆಂದು ಮಲೆ ಮಹದೇಶ್ವರ ಬೆಟ್ಟಕ್ಕೆ ನಡೆದುಹೋದರು. ಅವರಲ್ಲಿ ಎಲ್ಲರೂ ಬಡವರಲ್ಲ. ಹೆದ್ದಾರಿ ಪಕ್ಕದ ನಾಲೆ ನೀರಿನ ಭೂಮಿಗೆ ಇವತ್ತಿರುವ ಬೆಲೆಯಲ್ಲಿ ಎಷ್ಟೋ ಟೆಕ್ಕಿಗಳನ್ನು ಕೊಂಡುಕೊಳ್ಳಬಹುದು. ಆದರೆ ‘ವಾರ್ಷಿಕ ಆದಾಯ’ದ ಪಟ್ಟಿಯಲ್ಲಿ ಕಬ್ಬಿನ ಗದ್ದೆಗೆ ಮನೆಯಿಲ್ಲ. ಹಳ್ಳಿಯಲ್ಲಿ ಬಾಳಲು ಹೆಣ್ಣುಮಕ್ಕಳು ಒಪ್ಪದಿರಲು ಬೇರೆ ಗಟ್ಟಿ ಕಾರಣಗಳಿವೆ, ಅದು ನಿಜ. ಆದರೂ ದುಡ್ಡನ್ನು ನೋಡುತ್ತೇವೆ ಎನ್ನುವವರು ನಿಜವಾಗಿ ನೋಡುತ್ತಿರುವುದು ಸಂಬಳದ ಚೀಟಿಯನ್ನೂ ಅದು ಕೊಡುವ ನಗರವನ್ನೂ ಎಂಬುದನ್ನು ಆ ಪಾದಯಾತ್ರೆ ಬೀದಿಗೆ ತಂದು ತೋರಿಸಿತು.

ಕಣ್ಣಾರೆ ಕಂಡ ಸಿರಿಯನ್ನಾದರೂ ನಂಬಬಹುದೇ? ಇಸ್ರೇಲಿನ ಶಿಮೊನ್ ಹಯೂತ್ ಎಂಬಾತ ಸೈಮನ್ ಲೆವಿಯೇವ್ ಎಂದು ಹೆಸರು ಬದಲಿಸಿಕೊಂಡು, ವಜ್ರದ ವ್ಯಾಪಾರಿಯ ಮಗನಂತೆ ಟಿಂಡರ್‌ನಲ್ಲಿ ಓಡಾಡಿದ. ಅವನ ಬಲೆಗೆ ಬಿದ್ದ ಹೆಂಗಸರು ಬರೀ ಫೋಟೋ ನೋಡಿ ಮರುಳಾದವರಲ್ಲ. ಖಾಸಗಿ ವಿಮಾನದಲ್ಲಿ ಕೂತವರು, ಐಷಾರಾಮಿ ಹೋಟೆಲಿನಲ್ಲಿ ಉಂಡವರು, ಅಂಗರಕ್ಷಕನನ್ನು ಕಂಡವರು. ವಿಮಾನ ನಿಜ, ಊಟ ನಿಜ. ಬಿಲ್ಲು ಕಟ್ಟುತ್ತಿದ್ದುದು ಹಿಂದಿನ ಹೆಂಗಸಿನ ಸಾಲದ ದುಡ್ಡಿನಿಂದ. ಶತ್ರುಗಳು ಬೆನ್ನು ಹತ್ತಿದ್ದಾರೆ, ನನ್ನ ಕಾರ್ಡು ಬಳಸುವಂತಿಲ್ಲ, ನಿನ್ನದು ಕೊಡು ಎಂದು ಕೇಳುವಾಗ ಎದುರಿಗಿದ್ದವಳ ಕಣ್ಣ ಮುಂದೆ ಆ ವಿಮಾನವಿತ್ತು. 2019ರಲ್ಲಿ ಇಸ್ರೇಲಿನ ನ್ಯಾಯಾಲಯ ಬೇರೆ ಹಳೆಯ ವಂಚನೆಗಳಿಗಾಗಿ ಅವನಿಗೆ 15 ತಿಂಗಳ ಶಿಕ್ಷೆ ಕೊಟ್ಟಿತು, ಅಷ್ಟೂ ದಿನ ಅವನು ಒಳಗಿರಲಿಲ್ಲ. 2022ರಲ್ಲಿ ನೆಟ್‌ಫ್ಲಿಕ್ಸ್ ಅವನ ಕಥೆಯನ್ನು ಸಾಕ್ಷ್ಯಚಿತ್ರ ಮಾಡಿದ ಮೇಲೆ ಜಗತ್ತಿಗೆಲ್ಲ ಗೊತ್ತಾಯಿತು. ಖರ್ಚು ಮಾಡುವುದು ಬೇರೆ, ಇರುವುದು ಬೇರೆ ಎಂಬ ವ್ಯತ್ಯಾಸವನ್ನು ಅವನಷ್ಟು ಚೆನ್ನಾಗಿ ಬಳಸಿಕೊಂಡವರು ಕಡಿಮೆ.

ನಮ್ಮಲ್ಲಿ ನಡೆಯುವುದು ಇದರ ಅಗ್ಗದ ಆವೃತ್ತಿ. ಲಂಡನ್ನಿನ ಡಾಕ್ಟರೋ ಎಂಜಿನಿಯರೋ ಆದ ವರ, ವಾರಗಟ್ಟಲೆ ಗುಡ್ ಮಾರ್ನಿಂಗ್ ಮೆಸೇಜುಗಳು, ಆಮೇಲೊಂದು ‘ಸರ್‌ಪ್ರೈಸ್ ಗಿಫ್ಟ್’. ಎರಡು ದಿನ ಬಿಟ್ಟು ಫೋನು: “ಡೆಲ್ಲಿ ಏರ್‌ಪೋರ್ಟ್ ಕಸ್ಟಮ್ಸ್‌ನಿಂದ ಮಾತಾಡ್ತಿದ್ದೀವಿ ಮೇಡಂ, ನಿಮ್ಮ ಹೆಸರಿಗೆ ಪಾರ್ಸೆಲ್ ಬಂದಿದೆ. ಒಳಗೆ ಒಡವೆ, ಪೌಂಡ್ಸ್ ಇದೆ. ಡ್ಯೂಟಿ ಕಟ್ಟಿದ್ರೆ ಬಿಡ್ತೀವಿ.” ಮೊದಲು ಕೇಳುವುದು ಸಾವಿರಗಳಲ್ಲಿ. ಕಟ್ಟಿದ ಮೇಲೆ ಮನಿ ಲಾಂಡರಿಂಗ್ ಕೇಸು ಹಾಕ್ತೀವಿ ಎಂದು ಲಕ್ಷಗಳಲ್ಲಿ. ದುಡ್ಡು ಹಾಕಬೇಕಾದ ಖಾತೆ ಯಾವುದೋ ಊರಿನ ಯಾರದೋ ಉಳಿತಾಯ ಖಾತೆ. ಅಲ್ಲೇ ನಿಲ್ಲಬೇಕು: ಸರ್ಕಾರದ ಸುಂಕ ಖಾಸಗಿ ವ್ಯಕ್ತಿಯ ಖಾತೆಗೆ ಹೋಗುವುದಿಲ್ಲ. ಕಸ್ಟಮ್ಸ್ ಇಲಾಖೆಯ ಪತ್ರಗಳಿಗೆ ಗುರುತಿನ ಸಂಖ್ಯೆ ಇರುತ್ತದೆ, ಅದನ್ನು ಇಲಾಖೆಯ ತಾಣದಲ್ಲಿ ತಾಳೆ ನೋಡಬಹುದು. ಅಮೆರಿಕದಲ್ಲಿ 2022ರಲ್ಲಿ ಇಂಥ ಪ್ರೇಮ ವಂಚನೆಗಳ ಬಗ್ಗೆ ಸುಮಾರು 70 ಸಾವಿರ ದೂರುಗಳು ಬಂದವು, ಹೋದ ಹಣ 130 ಕೋಟಿ ಡಾಲರ್. ‘ಹಣ ಹೂಡುವುದು ಹೇಗೆ ಅಂತ ನಾನು ಕಲಿಸುತ್ತೇನೆ’ ಎಂಬುದು ಅಲ್ಲಿ ಹೆಚ್ಚಾಗಿ ಕೇಳಿಬಂದ ಸುಳ್ಳುಗಳಲ್ಲೊಂದು. ಸಿರಿವಂತನ ವೇಷವೇ ಈ ಉಪಾಯದ ಬಂಡವಾಳ: ತನ್ನ ಬಳಿ ಬೇಕಾದಷ್ಟಿದೆ ಎಂದು ತೋರಿಸುವವನು ನಮ್ಮದನ್ನು ಕಸಿಯುತ್ತಾನೆಂಬ ಅನುಮಾನ ಯಾರಿಗೂ ತಟ್ಟನೆ ಬರುವುದಿಲ್ಲ.

ಹಾಗಾದರೆ ಯಾವ ಆ್ಯಪ್? ನನ್ನ ಮಟ್ಟಿಗೆ, ‘ಸಿರಿವಂತರಿಗಾಗಿ’ ಎಂದು ಬೋರ್ಡು ಹಾಕಿಕೊಂಡಿರುವವು ಪಟ್ಟಿಯಿಂದ ಮೊದಲು ಹೊರಬೀಳಬೇಕಾದವು. ದುಡ್ಡಿಗೆ ಬದಲಾಗಿ ಸಂಗ ಎಂಬ ಒಪ್ಪಂದವನ್ನು ‘ಶುಗರ್ ಡೇಟಿಂಗ್’ ಎಂಬ ಸಿಹಿ ಹೆಸರಿನಲ್ಲಿ ನಡೆಸುವ ಆ್ಯಪ್‌ಗಳನ್ನು ಗೂಗಲ್ ತನ್ನ ಪ್ಲೇ ಸ್ಟೋರ್‌ನಿಂದ 2021ರ ಸೆಪ್ಟೆಂಬರ್‌ನಲ್ಲಿ ನಿಷೇಧಿಸಿತು. ಅವುಗಳ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ಉಳಿದವುಗಳಲ್ಲಿ ಓದು, ಉದ್ಯೋಗ, ಗುರುತು ಪರಿಶೀಲಿಸುವ ಸಾಮಾನ್ಯ ಆ್ಯಪ್ ಮೇಲು. ಅಲ್ಲಿ ದುಡ್ಡು ಬಾಗಿಲಲ್ಲಿ ನಿಂತಿರುವುದಿಲ್ಲವಾದ್ದರಿಂದ ದುಡ್ಡಿನ ಸುಳ್ಳಿಗೆ ಅಷ್ಟು ಆಕರ್ಷಣೆಯೂ ಇರುವುದಿಲ್ಲ. ವರ್ಷದ ಚಂದಾ ಒಮ್ಮೆಗೇ ಕಟ್ಟಬಾರದು. ಖಾತೆ ಅಳಿಸಿದರೆ ಫೋಟೋ, ಮಾತುಕತೆಗಳು ನಿಜಕ್ಕೂ ಅಳಿಯುತ್ತವೆಯೇ ಎಂದು ಸೇರುವ ಮುಂಚೆಯೇ ಓದಿಕೊಳ್ಳಬೇಕು. 2024ರಲ್ಲಿ ಮೊಜಿಲ್ಲಾ ಸಂಸ್ಥೆ 25 ಡೇಟಿಂಗ್ ಆ್ಯಪ್‌ಗಳ ಖಾಸಗಿತನ ಪರಿಶೀಲಿಸಿ 22ಕ್ಕೆ ಎಚ್ಚರಿಕೆಯ ಗುರುತು ಹಾಕಿತು. 2015ರಲ್ಲಿ, ವಿವಾಹೇತರ ಸಂಬಂಧ ಹುಡುಕುವವರ ‘ಆಶ್ಲೆ ಮ್ಯಾಡಿಸನ್’ ತಾಣದ 3 ಕೋಟಿಗೂ ಹೆಚ್ಚು ಖಾತೆಗಳ ವಿವರ ಬೀದಿಗೆ ಬಿದ್ದಾಗ ಸಂಸಾರಗಳೇ ಒಡೆದವು. ನಿಜವಾದ ಸಿರಿವಂತರು ಇಂಥ ಕಡೆ ಹೆಸರು ಬರೆಸಲು ಹಿಂಜರಿಯುವುದಕ್ಕೆ ಇದೂ ಕಾರಣ. ಅಪಹರಣ, ಬ್ಲ್ಯಾಕ್‌ಮೇಲ್‌ಗಳ ಭಯ ಅವರಿಗೆ ನಮಗಿಂತ ಹೆಚ್ಚು.

ಆ್ಯಪ್ ಪರಿಚಯದ ಮಟ್ಟಿಗೆ ಸಾಕು; ವಿಚಾರಣೆಯನ್ನು ಅದರ ಮೇಲೆ ಹಾಕಿ ಕೂರುವಂತಿಲ್ಲ. ಸೋದರಮಾವನ ಬಸ್ಸಿಗೆ ಬದಲಾಗಿ ಈಗ ನಮ್ಮ ಕೈಯಲ್ಲೇ ಎಷ್ಟೋ ಸಾರ್ವಜನಿಕ ದಾಖಲೆಗಳಿವೆ, ಯಾರೂ ಬಳಸುವುದಿಲ್ಲ. ನನ್ನದೊಂದು ಪ್ರೈವೇಟ್ ಲಿಮಿಟೆಡ್ ಕಂಪನಿ ಇದೆ ಎಂದವನ ಕಂಪನಿ ಕಾರ್ಪೊರೇಟ್ ವ್ಯವಹಾರಗಳ ಸಚಿವಾಲಯದ ತಾಣದಲ್ಲಿ ಇರಲೇಬೇಕು. ನಿರ್ದೇಶಕರ ಹೆಸರು ಅಲ್ಲಿ ಸಿಗುತ್ತದೆ, ಸಣ್ಣ ಶುಲ್ಕ ಕಟ್ಟಿದರೆ ಲೆಕ್ಕಪತ್ರವೂ ಸಿಗುತ್ತದೆ. ಡಾಕ್ಟರು ಎಂದರೆ ವೈದ್ಯಕೀಯ ಆಯೋಗದ ನೋಂದಣಿ ಪಟ್ಟಿ ಇದೆ. ತೋಟ ಇದೆ ಎಂದರೆ, ಸರ್ವೆ ನಂಬರು ಹೇಳಿದರೆ ‘ಭೂಮಿ’ ತಾಣದಲ್ಲಿ ಪಹಣಿ ತೆರೆದುಕೊಳ್ಳುತ್ತದೆ. ಯಾರ ಹೆಸರಿದೆ, ಯಾವ ಬ್ಯಾಂಕಿನ ಸಾಲದ ಋಣಭಾರವಿದೆ ಎಂಬುದು ಅದರಲ್ಲೇ ಇರುತ್ತದೆ. ಇದನ್ನು ಕದ್ದು ನೋಡಬೇಕಾಗಿಲ್ಲ. ನೋಡುತ್ತೇನೆ ಎಂದು ಹೇಳಿಯೇ ನೋಡಬಹುದು, ಆ ಮಾತಿಗೆ ಎದುರಿನವರ ಮುಖ ಹೇಗಾಗುತ್ತದೆ ಎಂಬುದೂ ಒಂದು ಉತ್ತರವೇ. ಅಷ್ಟಾಗಿಯೂ ಮೋಸವಾದರೆ ನಾಚಿಕೊಂಡು ಸುಮ್ಮನಿರುವುದೇ ದೊಡ್ಡ ನಷ್ಟ. ಹಣ ಹೋದ ಕೂಡಲೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿದರೆ ಅದು ಖಾತೆಯಿಂದ ಖಾತೆಗೆ ಹಾರುವ ಮುಂಚೆ ತಡೆಯುವ ಸಾಧ್ಯತೆ ಇರುತ್ತದೆ. ಬೇರೆಯವನೆಂದು ಹೇಳಿಕೊಂಡು ಕಂಪ್ಯೂಟರ್ ಮೂಲಕ ವಂಚಿಸಿದರೆ ಐಟಿ ಕಾಯ್ದೆಯ 66ಡಿ ಕಲಮಿನಡಿ ಮೂರು ವರ್ಷಗಳವರೆಗೆ ಜೈಲಿದೆ.

ಆದಾಯ ಕೇಳುವ ಎಲ್ಲ ಆ್ಯಪ್‌ಗಳೂ ಕೇಳದೆ ಬಿಡುವ ಪ್ರಶ್ನೆಯೊಂದಿದೆ: ಸಾಲ ಎಷ್ಟು? 2025ರ ಫೆಬ್ರುವರಿಯಲ್ಲಿ ಮಹಾರಾಷ್ಟ್ರದ ಅಕೋಲಾ ಜಿಲ್ಲೆಯ ಮೂರ್ತಿಜಾಪುರದಲ್ಲಿ ಒಂದು ಮದುವೆ ಮಾತುಕತೆ ಕೊನೆಯ ಹಂತಕ್ಕೆ ಬಂದಾಗ, ಹುಡುಗಿಯ ಮಾವನೊಬ್ಬರು ಹುಡುಗನ ಸಿಬಿಲ್ ಸ್ಕೋರ್ ನೋಡಬೇಕೆಂದರು. ನೋಡಿದರೆ ಹಲವು ಬ್ಯಾಂಕುಗಳಲ್ಲಿ ಸಾಲ, ಸ್ಕೋರ್ ಕೆಳಗೆ. ಸಂಬಂಧ ಮುರಿಯಿತು, ಸುದ್ದಿ ದೇಶವೆಲ್ಲ ಓಡಾಡಿತು, ಜನ ನಕ್ಕರು. ನನಗೆ ಆ ಮಾವ ಸರಿಯಾದ ಪ್ರಶ್ನೆಯನ್ನೇ ಕೇಳಿದರು ಅನ್ನಿಸುತ್ತದೆ, ಆದರೆ ಬರೀ ಅಂಕಿ ನೋಡಿ ಎದ್ದುಬಿಡುವುದು ಸಾಲದು. ಅಪ್ಪನ ಆಸ್ಪತ್ರೆ ಖರ್ಚಿಗೋ ತಂಗಿಯ ಓದಿಗೋ ಸಾಲ ಮಾಡಿ ಕಂತು ತಪ್ಪಿದವನ ಸ್ಕೋರೂ, ಆನ್‌ಲೈನ್ ಜೂಜಿನಲ್ಲಿ ಕಳೆದವನ ಸ್ಕೋರೂ ಒಂದೇ ಇರಬಹುದು. ಪ್ರತಿ ಕ್ರೆಡಿಟ್ ಮಾಹಿತಿ ಸಂಸ್ಥೆಯೂ ವರ್ಷಕ್ಕೊಮ್ಮೆ ಪೂರ್ತಿ ವರದಿಯನ್ನು ಪುಕ್ಕಟೆ ಕೊಡಬೇಕೆಂಬ ರಿಸರ್ವ್ ಬ್ಯಾಂಕಿನ ನಿಯಮವಿದೆ. ಪರಿಚಯ ಗಟ್ಟಿಯಾದ ಮೇಲೆ ಇಬ್ಬರೂ ತಮ್ಮ ತಮ್ಮ ವರದಿ ತರಿಸಿಕೊಂಡು ಒಂದು ಮಧ್ಯಾಹ್ನ ಕೂತು, ಯಾವ ಸಾಲ ಯಾತಕ್ಕೆ ಎಂದು ಸಾಲು ಸಾಲಾಗಿ ಒಬ್ಬರಿಗೊಬ್ಬರು ಹೇಳಲಿ. ಹುಡುಗಿಯ ವರದಿಯೂ ಮೇಜಿನ ಮೇಲಿರಬೇಕು, ಹುಡುಗನದು ಮಾತ್ರ ಅಲ್ಲ.